ದೋಣಿಯಲ್ಲಿ ಕೇಳಿದ ಒಂದು ಎಲೆ

ನಾನು ನಿಂತಿದ್ದದ್ದು ದೋಣಿಯ ಹಿಂದಿನ ತುದಿಯಲ್ಲಿ. ಎಡಗಾಲು ಅಡ್ಡಹಲಗೆಯ ಮೇಲಿತ್ತು, ಬಲಗಾಲು ದೋಣಿಯ ತಳದಲ್ಲಿ. ಸಮಯ ಮಧ್ಯಾಹ್ನ ಮೂರೂವರೆಗೆ ಐದು ನಿಮಿಷ ಕಡಿಮೆ; ಸ್ವಲ್ಪ ಮುಂಚೆಯಷ್ಟೇ ವಾಚು ನೋಡಿಕೊಂಡಿದ್ದೆ. ತೊಂಬತ್ತೆಂಟನೆಯ ಇಸವಿ, ಜೂನ್ ತಿಂಗಳ ಮೊದಲ ಭಾನುವಾರ. ಮೈಸೂರಿನಿಂದ ಮುಕ್ಕಾಲು ಗಂಟೆ ದಾರಿಯಲ್ಲಿ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಂದು ಹಳೆಯ ಕಟ್ಟೆಯ ಹಿಂದೆ ನೀರು ಹರಡಿಕೊಂಡು ಜೌಗಾಗಿರುವ ಜಾಗ. ದೋಣಿಯ ಬಲಕ್ಕೆ ಆಪು ಮತ್ತು ಜೊಂಡು ಆಳೆತ್ತರ ಬೆಳೆದಿತ್ತು. ಎಡಕ್ಕೆ ನಡುಗಡ್ಡೆ, ಅದರ ಮರಗಳ ತುಂಬ ಬಣ್ಣದ ಕೊಕ್ಕರೆಗಳು.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಅಂದು ನಡೆದದ್ದನ್ನು ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳುತ್ತಾರೆ. ಮೊಸಳೆ ಆಳುದ್ದ ಮೇಲಕ್ಕೆ ಹಾರಿತು ಎಂದು ಒಬ್ಬರು ಹೇಳಿದರೆ, ಬಾಲದಿಂದ ದೋಣಿಗೆ ಹೊಡೆಯಿತು ಎಂದು ಇನ್ನೊಬ್ಬರು. ನಾನು ನೋಡಿದ್ದನ್ನು, ನಿಂತ ಜಾಗದಿಂದ ಕಂಡಷ್ಟನ್ನು ಮಾತ್ರ ಬರೆಯುತ್ತೇನೆ. ಕಾಣದಿದ್ದದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ಆಗ ನಾನು ಮೈಸೂರಿನ ಒಂದು ಸಣ್ಣ ಪ್ರವಾಸ ಕಚೇರಿಯಲ್ಲಿ ಗೈಡ್ ಆಗಿದ್ದೆ. ಅರಮನೆ, ಬೆಟ್ಟ, ಮೃಗಾಲಯ ತೋರಿಸುವವರು ಊರಲ್ಲಿ ಬೇಕಾದಷ್ಟಿದ್ದರು. ಅವನ್ನೆಲ್ಲ ಮೊದಲೇ ನೋಡಿದವರಿಗಾಗಿ ನಾನೇ ಒಂದು ದಿನದ ಸುತ್ತಾಟ ಹೊಂದಿಸಿದ್ದೆ. ಬೆಳಗ್ಗೆ ನಂಜನಗೂಡು ರಸ್ತೆಯ ಪಕ್ಕದ ಎಲೆ ತೋಟ. ಅರಮನೆಯ ಕಾಲದಿಂದ ವೀಳ್ಯದೆಲೆ ಬೆಳೆಯುತ್ತ ಬಂದ ನೆಲ ಅದು. ತೋಟದ ಆಚೆಯೇ ಊಟ. ಆಮೇಲೆ ವ್ಯಾನಿನಲ್ಲಿ ಜೌಗಿಗೆ ಹೋಗಿ, ದೋಣಿಯಲ್ಲಿ ಒಂದು ಗಂಟೆ ಹಕ್ಕಿ, ಮೊಸಳೆ ನೋಡಿಕೊಂಡು ಸಂಜೆ ಆರಕ್ಕೆ ವಾಪಸು.

ಆ ಭಾನುವಾರ ನನ್ನ ಜೊತೆ ಇದ್ದವರು ಮೂವರೇ. ಕುವೆಂಪುನಗರದ ಒಬ್ಬ ತಾಯಿ; ಮಾರನೆಯ ದಿನ ಬೆಳಗ್ಗೆ ಅವರ ಮಗಳ ನಿಶ್ಚಿತಾರ್ಥ. ಗಂಡಿನ ತಂದೆ ಮತ್ತು ಗಂಡಿನ ಸೋದರತ್ತೆ ಒಂದು ದಿನ ಮುಂಚೆಯೇ ತುಮಕೂರಿನಿಂದ ಬಂದಿಳಿದಿದ್ದರು. ಮನೆಯಲ್ಲಿ ಅಡುಗೆಯವರು, ಶಾಮಿಯಾನದವರು. ಬೀಗರನ್ನು ಆ ಗದ್ದಲದಲ್ಲಿ ಕೂರಿಸುವುದು ಸರಿಯಲ್ಲವೆಂದು ಆ ತಾಯಿ ಈ ಸುತ್ತಾಟ ಗೊತ್ತುಮಾಡಿದ್ದರು. ಅವರಿಗೆ ತಮ್ಮದೇ ಒಂದು ಕೆಲಸವೂ ಇತ್ತು. ನಾಳೆ ತಾಂಬೂಲ ಬದಲಾಯಿಸುವುದಕ್ಕೆ ಬೇಕಾದ ಎಲೆಯನ್ನು ಅಂಗಡಿಯಿಂದ ತರದೆ, ತೋಟದಲ್ಲಿ ತಾವೇ ನಿಂತು ಕೊಯ್ಯಿಸಿಕೊಂಡು ಬರಬೇಕೆಂಬ ಆಸೆ.

ಎಲೆ ತೋಟಕ್ಕೆ ಏಳೂವರೆಗೆ ಹೋದೆವು. ಬಿದಿರಿನ ತಡಿಕೆಯ ಬಾಗಿಲಲ್ಲಿ ತೋಟದ ಯಜಮಾನರು ನಿಂತಿದ್ದರು. ಬಂದವರಿಗೆ ಅವರು ಹೇಳುತ್ತಿದ್ದ ಮೊದಲ ಮಾತು ಎಂದಿಗೂ ಒಂದೇ.

"ಚಪ್ಪಲಿ ಅಲ್ಲೇ ಬುಡಿ."

ಎಲೆ ತೋಟದೊಳಗೆ ಯಾರೂ ಮೆಟ್ಟು ಹಾಕಿಕೊಂಡು ಹೋಗುವಂತಿಲ್ಲ. ಅವರಿಗೆ ಅದು ದೇವರ ಮನೆ ಇದ್ದಂತೆ. ಒಳಗೆ ಕಾಲಿಟ್ಟರೆ ಬಿಸಿಲು ಹಿಂದೆ ಉಳಿಯುತ್ತದೆ. ಅಗಸೆ ಮರಗಳ ಸಾಲು, ಪ್ರತಿ ಮರಕ್ಕೆ ಎರಡು ಮೂರು ಬಳ್ಳಿ, ಬಳ್ಳಿಯನ್ನು ಮರಕ್ಕೆ ಬಿಗಿದ ಒಣ ನಾರು. ಸಾಲಿನ ನಡುವೆ ಮೊಣಕಾಲಾಳದ ಕಾಲುವೆ. ಕೊಯ್ಯುವವರು ಹೆಬ್ಬೆರಳಿಗೆ ತಗಡಿನ ಉಗುರು ತೊಟ್ಟುಕೊಂಡು, ಎಲೆಯ ತೊಟ್ಟನ್ನು ಚಿವುಟಿ ಚಿವುಟಿ ಎಡಗೈಯಲ್ಲಿ ಜೋಡಿಸಿಕೊಳ್ಳುತ್ತ ಹೋಗುತ್ತಾರೆ. ಆ ಚಿವುಟುವ ಸಣ್ಣ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟು ಸಲ ಹೋದರೂ ನನಗೆ ಅಲ್ಲಿ ದನಿ ತಾನಾಗಿ ತಗ್ಗುತ್ತಿತ್ತು.

ಆದರೆ ಅಂದು ಕಾಲುವೆಗೆ ನೀರು ಬಿಟ್ಟಿದ್ದರು. ಯಜಮಾನರ ಸರದಿ ಅದೇ ಬೆಳಗ್ಗೆ ಬಂದಿತ್ತು; ತೋಟಕ್ಕೆ ನೀರು ಹಾಯುತ್ತಿರುವಾಗ ಸಾಲಿನೊಳಗೆ ಯಾರನ್ನೂ ಬಿಡುವುದಿಲ್ಲ. ಒಂದು ಗಂಟೆ ತಡಿಕೆಯ ಬಳಿ ಕಾದೆವು. ಆಮೇಲೆ ಒಳಗೆ ಹೋದಾಗ ಏರಿ ಒದ್ದೆಯಾಗಿತ್ತು. ಮೂರನೆಯ ಸಾಲಿನಲ್ಲಿ ಸೋದರತ್ತೆಯ ಕಾಲು ಜಾರಿ, ಸೊಂಟದವರೆಗೆ ಕೆಸರಾಯಿತು.

"ಇದೇನ್ರೀ ಬೀಗಿತ್ತಿ, ಹೆಣ್ಣು ಕೊಡೋಕೆ ಮುಂಚೆನೇ ನಮ್ಮನ್ನ ಮಣ್ಣು ಮುಕ್ಕಿಸ್ತೀರಾ?" ಎಂದರು ಅವರು, ಕೂತಲ್ಲಿಂದಲೇ.

"ಮೈಸೂರು ಮಣ್ಣು ಕಣ್ರೀ, ಮೈಗೆ ಒಳ್ಳೇದು," ಎಂದು ತಾಯಿ ಕೈ ಕೊಟ್ಟು ಎಬ್ಬಿಸಿದರು. ನಕ್ಕರು, ಆದರೆ ಮುಖ ಕೆಂಪಗಾಗಿತ್ತು. ಬೀಗರ ಮುಂದೆ ಒಂದೊಂದೂ ಸರಿಯಾಗಬೇಕೆಂಬುದು ಅವರಿಗೆ ಎಷ್ಟು ಮುಖ್ಯವೆಂದು ನನಗೆ ಗೊತ್ತಾದದ್ದು ಅಲ್ಲಿ.

ಸೀರೆ ತೊಳೆದು, ಪಂಪಿನ ಮನೆಯ ಗೋಡೆಯ ಮೇಲೆ ಒಣಗಿಸಿ, ಯಜಮಾನರ ಮನೆಯವರಿಂದ ಬೇರೆ ಸೀರೆ ತರಿಸಿ, ಮತ್ತೆ ಒಂದು ಗಂಟೆ ಹೋಯಿತು. ಅಷ್ಟರಲ್ಲಿ ಎಲೆ ಕಟ್ಟಾಯಿತು. ಚಿಗುರೆಲೆ, ಅಂಗೈಗಿಂತ ಚಿಕ್ಕದು, ಹಳದಿಗೆ ತಿರುಗುವ ಹಸಿರು. ತುದಿಗೆ ತುದಿ ಸೇರಿಸಿ ಜೋಡಿಸಿ, ಬಾಳೆಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು, ಹಿಡಿದುಕೊಳ್ಳಲು ಒಂದು ಗೇಣುದ್ದ ನಾರು ಬಿಟ್ಟಿದ್ದರು. ಸೋದರತ್ತೆ ಅದನ್ನು ತಿರುಗಿಸಿ ನೋಡಿದರು.

"ಇಷ್ಟೇನಾ? ನಮ್ಮ ಕಡೆ ಎಲೆ ಮೊರದಷ್ಟಗಲ ಇರುತ್ತೆ."

ಯಜಮಾನರು ಬಳ್ಳಿಯಿಂದ ಒಂದು ಎಲೆ ಚಿವುಟಿ ಕೊಟ್ಟರು. "ಬಾಯಿಗಾಕಿ ನೋಡಿ ತಾಯಿ. ಆಮ್ಯಾಕೆ ಮೊರದ ಇಸ್ಯ ಮಾತಾಡನ."

ಅವರು ಬಾಯಿಗೆ ಹಾಕಿಕೊಂಡರು. ಆಮೇಲೆ ಮೊರದ ವಿಷಯ ಬರಲಿಲ್ಲ.

ಹೊರಡುವಾಗ ಯಜಮಾನರು ಕಟ್ಟನ್ನು ಆ ತಾಯಿಯ ಕೈಗೆ ಕೊಟ್ಟು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಈ ಮಾತಿಗೆ ಕಟ್ಟಿಕೊಂಡಿದೆ. "ಬಿಸ್ಲಲ್ಲಿ ಬಾಡ್ತದೆ ಕಣಮ್ಮ. ಎರಡು ಗಂಟೆಗೊಂದ್ಸಲ ಕಟ್ಟ ಅಂಗೇ ನೀರಿಗೆ ಬುಡಿ, ತಗೀರಿ. ನಾಳೀಕೂ ಇವತ್ತು ಕೊಯ್ದಂಗೆ ಇರ್ತದೆ."

ನಾನೂ ಪಕ್ಕದಿಂದ, "ಹೌದು ಮೇಡಂ, ನೀರು ತೋರಿಸೋದು ಮರೀಬೇಡಿ," ಎಂದೆ. ಬೇಕಾಗಿಲ್ಲದ ಮಾತು. ಗೈಡ್ ಆದವನಿಗೆ ಸುಮ್ಮನಿರಲು ಬರುವುದಿಲ್ಲ.

ಜೌಗಿನ ದಡ ತಲುಪಿದಾಗ ಎರಡು ಮುಕ್ಕಾಲು. ಸಾಮಾನ್ಯವಾಗಿ ಒಂದೂವರೆಗೆಲ್ಲ ಅಲ್ಲಿರುತ್ತಿದ್ದೆವು. ವ್ಯಾನಿನ ಡ್ರೈವರ್ ಕುಂಬಾರಕೊಪ್ಪಲಿನವರು, ಕಡಿಮೆ ಮಾತಿನ ಮನುಷ್ಯ; ಆಲದ ಮರದ ನೆರಳಿಗೆ ವ್ಯಾನ್ ನಿಲ್ಲಿಸಿ, ನೀರಿನ ಕಡೆ ನೋಡಿ, "ಗಾಳಿ ಎದ್ದದೆ," ಎಂದರು.

ದೋಣಿಯವರು ಪಕ್ಕದ ಹಳ್ಳಿಯವರು. ಮೀನು ಹಿಡಿಯುವುದು ಅವರ ಮನೆತನದ ಕೆಲಸ. ನನಗಿಂತ ಹದಿನೈದು ವರ್ಷ ದೊಡ್ಡವರು; ನಾನು ದೋಣಿಯಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಸಾ ಎನ್ನುತ್ತಿದ್ದರು. ಅವರ ಕೆಲಸ ನೋಡುವುದೇ ಒಂದು ಸಂತೋಷ. ಹುಟ್ಟು ನೀರಿಗೆ ಇಳಿಯುವಾಗಲೂ ಏಳುವಾಗಲೂ ಸದ್ದಾಗುತ್ತಿರಲಿಲ್ಲ. ಹೊಸಬರು ಹುಟ್ಟು ಹಾಕಿದರೆ ಹತ್ತು ಮಾರು ದೂರದಲ್ಲೇ ನೀರುಕಾಗೆಗಳು ಹಾರಿಹೋಗುತ್ತವೆ. ಇವರ ದೋಣಿ ಪಕ್ಕದಲ್ಲೇ ಹೋದರೂ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತ ಕೂತಿರುತ್ತಿದ್ದವು. ಯಾವ ಬಂಡೆಯ ಮೇಲೆ ಯಾವ ಮೊಸಳೆ ಯಾವ ಹೊತ್ತಿಗೆ ಮಲಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವನ್ನು ಅವನು, ಅವಳು ಎಂದೇ ಕರೆಯುತ್ತಿದ್ದರು.

ಅಂದು ಅವರು ದೋಣಿಯನ್ನು ದಡದಿಂದ ಬಿಚ್ಚಲೇ ಇಲ್ಲ.

"ಇವತ್ತು ಬ್ಯಾಡ ಸಾ. ನೀರು ಇಳ್ದದೆ. ನಡುಗಡ್ಡೆ ಆಚೆ ಕಲ್ಲು ಎದ್ದವೆ, ಗಾಳೀಲಿ ಆ ಕಡೆ ಓಗಕಾಗಲ್ಲ. ಉಳಿಯೋದು ಆಪಿನ ಕಡೆ ದಾರಿ ಒಂದೇ. ಅಲ್ಲಿ ಅವ್ಳು ಮರಿ ಮಾಡವ್ಳೆ."

ಮರಿ ಮಾಡಿದ ಮೊಸಳೆ ಬೇರೆಯೇ ಪ್ರಾಣಿ ಎಂದು ಅವರು ಮೊದಲೂ ಹೇಳಿದ್ದರು. ಬಂಡೆಯ ಮೇಲೆ ಮಲಗಿದ್ದು ದೋಣಿ ಕಂಡರೆ ನೀರಿಗೆ ಜಾರುವ ಮೊಸಳೆಯೇ ಮರಿ ಇರುವಾಗ ಜಾಗ ಬಿಟ್ಟು ಕದಲುವುದಿಲ್ಲ. ನನಗೆ ಗೊತ್ತಿದ್ದ ವಿಷಯವೇ. ಆದರೂ ಹೇಳಿದೆ:

"ಒಂದೇ ಸುತ್ತು ದೋಣಿಯಣ್ಣ. ಬೀಗರು ತುಮಕೂರಿಂದ ಬಂದಿದ್ದಾರೆ. ಬೆಳಗ್ಗೆಯೂ ಏನೂ ಸರಿಹೋಗಲಿಲ್ಲ. ದೂರದಿಂದ ತೋರಿಸಿದರೆ ಸಾಕು."

ಅವರು ನೀರನ್ನು ನೋಡಿದರು, ಆ ತಾಯಿಯ ಮುಖ ನೋಡಿದರು. ಆ ಮುಖದಲ್ಲಿದ್ದದ್ದು ಅವರಿಗೂ ಕಂಡಿರಬೇಕು. "ಆಪಿಗೆ ಇಪ್ಪತ್ತು ಮಾರು ಬುಟ್ಟೇ ಓಯ್ತೀನಿ. ನಾನು ಸಾಕು ಅಂದ್ರೆ ಸಾಕು," ಎಂದರು.

ಈ ನಿರ್ಧಾರ ನನ್ನದು. ಅವರ ಬೇಡ ಎಂಬ ಮಾತನ್ನು ಮೀರಿದವನು ನಾನು.

ಕೂತದ್ದು ಹೀಗೆ. ದೋಣಿಯ ಮುಂದಿನ ಭಾಗದಲ್ಲಿ ದೋಣಿಯಣ್ಣ, ನಮ್ಮ ಕಡೆ ಮುಖ ಮಾಡಿ, ಎರಡು ಕೈಗೆ ಎರಡು ಹುಟ್ಟು. ಅವರ ಎದುರಿನ ಹಲಗೆಯಲ್ಲಿ ಹೆಂಗಸರಿಬ್ಬರು. ಬಲಕ್ಕೆ ತಾಯಿ, ಎಡಕ್ಕೆ ಸೋದರತ್ತೆ. ಹಿಂದಿನ ಹಲಗೆಯ ನಡುವೆ ಗಂಡಿನ ತಂದೆ. ಅವರ ಹಿಂದೆ ನಾನು. ಹೊರಡುವ ಮುಂಚೆ ಎಲ್ಲರಿಗೂ ಹೇಳುವುದನ್ನು ಹೇಳಿದೆ: ನಿಲ್ಲಬೇಡಿ, ಒಂದೇ ಕಡೆ ವಾಲಬೇಡಿ, ಕೈ ದೋಣಿಯ ಒಳಗಿರಲಿ. ಹೇಳಿದ್ದು ನಿಜ. ಆದರೆ ನೂರು ಸಲ ಹೇಳಿ ಸವೆದ ಮಾತನ್ನು ಹೇಳುವಂತೆ ಹೇಳಿದೆ.

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಬಾಯ್ಕಳಕ ಎಂಬ ಕೊಕ್ಕರೆ ಶಂಖದ ಹುಳುವನ್ನು ಚಿಪ್ಪಿನಿಂದ ಎಳೆಯುವುದನ್ನು ನೋಡಿದೆವು. ಹಾವಕ್ಕಿ ಬರೀ ಕತ್ತು ಮೇಲೆ ಹಾಕಿ ಈಜಿತು. ಸೋದರತ್ತೆ ಹಾವೇ ಎಂದು ನಂಬಿದರು. ಗಂಡಿನ ತಂದೆ, ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದವರು, "ಎಷ್ಟು ನೆಮ್ಮದಿ ಇದೆ ಇಲ್ಲಿ," ಎಂದರು. ತಾಯಿಯ ಹೆಗಲು ಸ್ವಲ್ಪ ಸಡಿಲವಾಯಿತು. ಬಿಸಿಲು ಮಾತ್ರ ಜೋರಿತ್ತು. ಎಲೆಯ ಕಟ್ಟು ಅವರ ಮಡಿಲಿನಲ್ಲಿತ್ತು. ವ್ಯಾನಿನಲ್ಲಿ ಬಿಟ್ಟು ಬರಲು ಅವರಿಗೆ ಮನಸ್ಸಾಗಿರಲಿಲ್ಲ.

ಸೋದರತ್ತೆ ಕಟ್ಟಿನ ಮೇಲೆ ಬೆರಳಿಟ್ಟು ನೋಡಿದರು. "ಬೀಗಿತ್ತಿ, ನಿಮ್ಮ ಎಲೆ ಬಿಸಿಯಾಗಿದೆ. ನಾಳೆ ಬಾಡಿದೆಲೆ ಕೊಟ್ಟರೆ ತಾಂಬೂಲ ತಗೊಳಲ್ಲ ನೋಡಿ."

ತಮಾಷೆಯ ಮಾತು. ಆಡಿದವರೂ ನಗುತ್ತಲೇ ಆಡಿದ್ದರು. ಅಷ್ಟೊತ್ತಿಗೆ ನಡುಗಡ್ಡೆಯ ಮರದಲ್ಲಿ ಒಂದು ಬಣ್ಣದ ಕೊಕ್ಕರೆ ತನ್ನ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯಿತು. ಅದನ್ನು ತೋರಿಸಲು ನಾನು ಎದ್ದು ನಿಂತೆ. ಎಡಕ್ಕೆ ಕೈ ಮಾಡಿದೆ. ಎಲ್ಲರೂ ಎಡಕ್ಕೆ ತಿರುಗಿದರು. ಆಗಲೇ ನಾನು ವಾಚು ನೋಡಿದ್ದು, ಇನ್ನೆಷ್ಟು ಹೊತ್ತು ಇರಬಹುದು ಎಂದು.

ನಾವು ಕೊಕ್ಕರೆ ನೋಡುತ್ತಿದ್ದಾಗ ಗಾಳಿ ದೋಣಿಯನ್ನು ಬಲಕ್ಕೆ ತಳ್ಳುತ್ತಿತ್ತು. ನಾನು ಮತ್ತೆ ಬಲಕ್ಕೆ ನೋಡಿದಾಗ ಆಪು ಇಪ್ಪತ್ತು ಮಾರಿನಲ್ಲಿ ಇರಲಿಲ್ಲ. ಐದಾರು ಮಾರು ಇರಬಹುದು. ಒಳಗಿನಿಂದ ಒಂದು ಸಣ್ಣ ಕುಯ್ಗುಟ್ಟುವ ಸದ್ದು ಬರುತ್ತಿತ್ತು, ನಾಯಿಮರಿಯದರಂತೆ. ಮರಿಗಳ ಸದ್ದು.

ಆ ತಾಯಿ ಕೊಕ್ಕರೆಯ ಕಡೆ ಮುಖ ಮಾಡಿಕೊಂಡೇ, ಬಾಳೆನಾರಿನ ತುದಿ ಹಿಡಿದು ಎಲೆಯ ಕಟ್ಟನ್ನು ದೋಣಿಯ ಬಲ ಅಂಚಿನಿಂದ ನೀರಿಗೆ ಇಳಿಸಿದ್ದರು.

ಅಲ್ಲಿಂದ ಮೂರು ಮಾರು ಆಚೆ ನೀರಿನ ಮೇಲೆ ಅಂತರಗಂಗೆಯ ಹಾಸು ಇತ್ತು. ಗಾಳಿ ಅದನ್ನು ಆಪಿನ ಕಡೆಗೆ ತಳ್ಳುತ್ತಿತ್ತು. ಆದರೆ ಅದರ ನಡುವೆ ಒಂದು ಗೆರೆಯಷ್ಟು ಜಾಗ ಬಿಟ್ಟುಕೊಂಡಿತು, ಆ ಗೆರೆ ಗಾಳಿಗೆ ಎದುರಾಗಿ, ನಮ್ಮ ಕಡೆಗೆ, ನಿಧಾನವಾಗಿ ಬೆಳೆಯುತ್ತಿತ್ತು. ನಾನು ಕಂಡದ್ದು ಇಷ್ಟೇ. ಕಣ್ಣು ಕಾಣಲಿಲ್ಲ, ಬೆನ್ನು ಕಾಣಲಿಲ್ಲ. ದೋಣಿಯಣ್ಣನೂ ಅದನ್ನೇ ನೋಡುತ್ತಿದ್ದರು.

ಅವರು ದನಿ ಏರಿಸಲಿಲ್ಲ. ಹಕ್ಕಿಯ ಹೆಸರು ಹೇಳುವಾಗಿನ ದನಿಯಲ್ಲೇ, "ಅಮ್ಮಾ, ಬುಡಿ," ಎಂದರು. "ಎಲೆ ಬುಡಿ."

ಕೈಬಿಡಿ ಎಂದು ಅವರ ಅರ್ಥ. ಕಟ್ಟು ಹೋದರೆ ಹೋಗಲಿ, ಕೈ ಈಚೆ ತೆಗೆಯಿರಿ ಎಂದು. ಆ ತಾಯಿಯ ಕಿವಿಯಲ್ಲಿ ಇದ್ದದ್ದು ಬೆಳಗಿನ ಮಾತು. ನೀರಿಗೆ ಬುಡಿ, ತಗೀರಿ.

"ಬಿಟ್ಟಿದೀನಿ ಕಣಪ್ಪಾ," ಎಂದರು ಅವರು. ಹೇಳುತ್ತ ಇನ್ನಷ್ಟು ಕೆಳಕ್ಕೆ ಬಿಟ್ಟರು. ಮಣಿಕಟ್ಟಿನವರೆಗೆ ಕೈ ನೀರಿನೊಳಗೆ ಹೋಯಿತು. ಬಳೆಗಳು ಮುಳುಗಿದವು.

ನಾನು ಕೂಗಲು ಬಾಯಿ ತೆರೆದೆ. ದೋಣಿಯಣ್ಣನ ಕಣ್ಣು ನನ್ನ ಕಡೆ ಒಂದು ಸಲ ತಿರುಗಿತು. ನಾನು ಬಾಯಿ ಮುಚ್ಚಿದೆ. ಆ ನೋಟದ ಅರ್ಥ ಆಮೇಲೆ ಬಿಡಿಸಿಕೊಂಡೆ: ಕೂಗಿದರೆ ಅವರು ಬೆಚ್ಚುತ್ತಾರೆ, ಏನು ಎಂದು ನೋಡಲು ನೀರಿನ ಕಡೆಗೇ ಬಗ್ಗುತ್ತಾರೆ, ಜೊತೆಗಿದ್ದವರೂ ಆ ಕಡೆಗೇ ವಾಲುತ್ತಾರೆ, ಆ ಸಣ್ಣ ದೋಣಿ ಮಗುಚುತ್ತದೆ. ಹುಟ್ಟು ಜೋರಾಗಿ ಎಳೆದರೆ ದೋಣಿ ಮುಂದಕ್ಕೆ ಹೋಗುತ್ತದೆ, ನೀರಿನಲ್ಲಿರುವ ಕೈ ಹಿಂದಕ್ಕೆ ಎಳೆದುಕೊಂಡು ಬರುತ್ತದೆ, ಮೊಸಳೆಗೆ ಅದು ಓಡುವ ಮೀನಿನ ಹಾಗೆ ಕಾಣುತ್ತದೆ. ಇಷ್ಟನ್ನೂ ಅವರು ಆ ಒಂದು ಗಳಿಗೆಯಲ್ಲಿ ಯೋಚಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡಿದ್ದನ್ನು ಹೇಳುತ್ತೇನೆ.

ಅವರು ಎರಡು ಹುಟ್ಟನ್ನೂ ದೋಣಿಯೊಳಗೆ ಇಟ್ಟರು. ಬಲಗೈಯನ್ನು ಮುಂದೆ ಚಾಚಿ, ಅಂಗೈ ಬಿಡಿಸಿ ಹಿಡಿದರು.

"ಅಮ್ಮಾ, ನಂಗೊಂದು ಎಲೆ ಕೊಡ್ತೀರಾ? ಬಾಯಿ ಒಂಥರಾ ಆಗದೆ."

ಆ ತಾಯಿ ತಟ್ಟನೆ ಇತ್ತ ತಿರುಗಿದರು. "ಅಯ್ಯೋ, ಕೇಳಿಸ್ಕೋಬೇಕಾಯ್ತಲ್ಲ. ನಾನೇ ಕೊಡಬೇಕಿತ್ತು ನೋಡಿ," ಎಂದು ಕಟ್ಟನ್ನು ನೀರಿನಿಂದ ಎತ್ತಿದರು. ದೋಣಿಯೊಳಗೆ ನೀರು ಕೊಡವಿದರು. ಮಡಿಲಿನಲ್ಲಿಟ್ಟು ನಾರು ಸಡಿಲಿಸಿದರು. ಮೇಲಿನ ಎಲೆ ತೆಗೆದರು, ಅದರ ಅಂಚು ಮಡಿಸಿತ್ತು. ಪಕ್ಕಕ್ಕಿಟ್ಟು ಕೆಳಗಿನದು ತೆಗೆದರು. ಸೆರಗಿನಿಂದ ಒರೆಸಿದರು. ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಅವರ ಕಡೆ ಚಾಚಿದರು. ಎಲೆ ಕೊಡುವುದಕ್ಕೊಂದು ರೀತಿ ಇದೆ. ಅದರಲ್ಲಿ ಒಂದನ್ನೂ ಅವರು ಬಿಡಲಿಲ್ಲ. 

ಆಗ ಬಂತು.

ಸ್ವಲ್ಪ ಮುಂಚೆ ಆ ತಾಯಿಯ ಕೈ ಇದ್ದ ಜಾಗದಲ್ಲಿ ನೀರು ಉಬ್ಬಿತು. ತಲೆ ಮೇಲೆದ್ದಿತು, ದೋಣಿಯ ಅಂಚಿಗಿಂತ ಒಂದು ಮೊಳ ಮೇಲಕ್ಕೆ. ಬಾಯಿ ತೆರೆದಿತ್ತು, ಒಳಗೆ ಹಳದಿ ಬಿಳುಪು. ಮುಚ್ಚಿತು. ಮುಚ್ಚಿದ ಸದ್ದು ಎರಡು ಹಲಗೆಗಳನ್ನು ಒಂದಕ್ಕೊಂದು ಬಡಿದಂತಿತ್ತು. ಆ ತಾಯಿಯ ಬಲ ಹೆಗಲು ಪೂರ್ತಿ ನೆನೆಯಿತು. ತಲೆ ಹಾಗೆಯೇ, ಬಂದಷ್ಟೇ ನೇರವಾಗಿ, ಕೆಳಗೆ ಹೋಯಿತು. ಎಷ್ಟು ಉದ್ದ ಇತ್ತು ಎಂದು ಎಲ್ಲರೂ ಕೇಳುತ್ತಾರೆ. ನಾನು ಕಂಡದ್ದು ತಲೆ ಮಾತ್ರ.

ಸೋದರತ್ತೆ ಎದ್ದು ನಿಂತರು. ದೋಣಿ ಎಡಕ್ಕೆ ವಾಲಿ, ಅಂಚಿನ ಮೇಲಿಂದ ನೀರು ಒಳಗೆ ನುಗ್ಗಿತು. ಗಂಡಿನ ತಂದೆ ಹಿಂದಿನಿಂದ ತಂಗಿಯ ಸೊಂಟ ಹಿಡಿದು, "ಕೂತ್ಕೊಳೇ, ಕೂತ್ಕೊ," ಎಂದು ಕೆಳಗೆ ಎಳೆದರು. ನಾನು ನಿಂತಲ್ಲೇ ಕೂತೆ.  ದೋಣಿ ಮತ್ತೆ ಸಮವಾಯಿತು.

ಆ ತಾಯಿಯ ಚಾಚಿದ ಕೈಯಲ್ಲಿ ಎಲೆ ಇನ್ನೂ ಇತ್ತು. 

ದೋಣಿಯಣ್ಣ ಎರಡೂ ಕೈಯಿಂದ ಅದನ್ನು ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗೆ ಇಟ್ಟರು. ಆಮೇಲೆ ಹುಟ್ಟು ಹಿಡಿದರು. ಆ ಹೊತ್ತಿನಲ್ಲೂ ಅವರು ಎಲೆಯನ್ನು ತೆಗೆದುಕೊಳ್ಳದೆ ಬಿಡಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದಿದೆ. ಬಹುಶಃ ಅದನ್ನು ತೆಗೆದುಕೊಂಡದ್ದರಿಂದಲೇ ಆ ತಾಯಿ ಕಿರುಚಲಿಲ್ಲ.

"ಯಾರೂ ಏಳ್ಬ್ಯಾಡಿ," ಎಂದರು. "ಅವ್ಳು ಮರಿ ತಾವ್ಕೆ ಓಯ್ತಾಳೆ. ನಾವೂ ಓಗನ."

ಹುಟ್ಟು ನೀರಿಗೆ ಇಳಿದದ್ದು ಕೇಳಿಸಲಿಲ್ಲ. ದೋಣಿ ಆಪಿನಿಂದ ಹಿಂದೆ ಸರಿಯಿತು, ತಿರುಗಿತು. ದಡಕ್ಕೆ ಬರುವಷ್ಟು ಹೊತ್ತೂ ನಾನು ಟೋಪಿಯಲ್ಲಿ ತಳದ ನೀರು ಮೊಗೆಯುತ್ತಿದ್ದೆ. ಗಂಡಿನ ತಂದೆ ತಮ್ಮ ಟವಲನ್ನು ಬೀಗಿತ್ತಿಯ ಹೆಗಲಿಗೆ ಹಾಕಿದರು.

ದಡದಲ್ಲಿ ಡ್ರೈವರ್ ಮೊಣಕಾಲವರೆಗೆ ನೀರಿಗಿಳಿದು ದೋಣಿ ಹಿಡಿದರು. ಅವರಿಗೆ ದೂರದಿಂದ ನೀರು ಚಿಮ್ಮಿದ್ದು ಕಂಡಿತ್ತು. ಆ ತಾಯಿ ಇಳಿದು, ನಾಲ್ಕು ಹೆಜ್ಜೆ ನಡೆದು, ಆಲದ ಬೇರಿನ ಮೇಲೆ ಕೂತರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಆಮೇಲೆ ನನ್ನನ್ನು ಕೇಳಿದರು:

"ಅವರು ಬಿಡಿ ಅಂದಿದ್ದು ಕೈ ಬಿಡಿ ಅಂತಾನಾ?"

"ಹೌದಮ್ಮ," ಎಂದೆ.

"ನಾನು ನೀರಿಗೆ ಬಿಡಿ ಅಂದ್ಕೊಂಡೆ. ಕೈ ಒಳಗಿರಲಿ ಅಂತ ನೀವು ಹೇಳಿದ್ದು ನೆನಪಿತ್ತು. ಕೈ ಒಳಗೇ ಇದೆ, ಎಲೆ ತಾನೇ ಹೊರಗಿರೋದು ಅಂದ್ಕೊಂಡಿದ್ದೆ."

ಸೋದರತ್ತೆ ಅವರ ಪಕ್ಕದಲ್ಲಿ ಕೂತರು. "ಬಾಡಿದೆಲೆ ಅಂತ ನಾನು ಬಾಯಿಬಿಡದೆ ಇದ್ದಿದ್ರೆ ಆಗ್ತಿತ್ತು," ಎಂದು ಅಳಲು ಶುರುಮಾಡಿದರು. ಈಗ ಆ ತಾಯಿಯೇ ಅವರ ಬೆನ್ನು ಸವರಿದರು. ನಾನು, ಬೆಳಗ್ಗೆ ನೀರು ತೋರಿಸಿ ಎಂದವನು ನಾನು, ಬೇಡ ಎಂದವರನ್ನು ಒತ್ತಾಯ ಮಾಡಿದವನೂ ನಾನು ಎಂದು ಹೇಳಿದೆ. ಹೇಳಿದ್ದರಿಂದ ಏನೂ ಹಗುರವಾಗಲಿಲ್ಲ.

ನಾನು ದೋಣಿಯ ಬಳಿ ಹೋದೆ. ದೋಣಿಯಣ್ಣ ತಳದ ನೀರು ಹೊರಗೆ ಹಾಕುತ್ತಿದ್ದರು. ಎಲೆ ಜೇಬಿನಲ್ಲಿ ಹಾಗೆಯೇ ಇತ್ತು, ತುದಿ ಹೊರಗೆ ಕಾಣುತ್ತಿತ್ತು.

"ಎಲೆ ಹಾಕ್ಕೊಳ್ಳಿ ದೋಣಿಯಣ್ಣ. ಸುಣ್ಣ ಅಡಿಕೆ ಡ್ರೈವರ್ ಹತ್ತಿರ ಇದೆ," ಎಂದೆ.

"ನಾನು ಎಲೆ ಆಕಲ್ಲ ಸಾ," ಎಂದರು ಅವರು. "ಒಂದು ದಿನಾನೂ ಆಕಿಲ್ಲ."

ಮತ್ತೆ ಕೇಳಿದ್ದು ಯಾಕೆ ಎಂದೆ.

"ಬುಡಿ ಅಂದೆ, ಬುಡ್ನಿಲ್ಲ. ಇನ್ನೊಂದ್ಸಲ ಏಳಕೆ ಒತ್ತಿರ್ನಿಲ್ಲ. ನಾಳೆ ಮಗಳ ತಾಂಬೂಲಕ್ಕೆ ಇಟ್ಕಂಡಿರೋ ಎಲೆ, ಆ ತಾಯಿ ಮೊಸಳೇಗೂ ಬುಡಲ್ಲ, ದೇವ್ರಿಗೂ ಬುಡಲ್ಲ. ಆದ್ರೆ ಒಂದೆಲೆ ಕೊಡಿ ಅಂತ ಕೈ ನೀಡುದ್ರೆ ಇಲ್ಲ ಅನ್ನೋ ಎಂಗ್ಸು ನಮ್ಮ ಸೀಮೇಲಿ ಅವ್ಳಾ ಸಾ?"

ಇಷ್ಟು ಹೇಳಿ ಅವರು ನೀರು ಹೊರಗೆ ಹಾಕುವುದನ್ನು ಮುಂದುವರಿಸಿದರು.   

ಮಾರನೆಯ ದಿನದ ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದಿದ್ದರು. ಹೋಗಲೋ ಬೇಡವೋ ಎಂದು ಅಳುಕುತ್ತಲೇ ಹೋದೆ. ಅದೇ ಎಲೆಗಳು ತಟ್ಟೆಯಲ್ಲಿದ್ದವು, ಇವತ್ತು ಕೊಯ್ದ ಹಾಗೆ. ತಟ್ಟೆ ಜೋಡಿಸುವಾಗ ಮನೆಯವರೊಬ್ಬರು, ಒಂದೆಲೆ ಕಡಿಮೆ ಬಂತು, ಪೇಟೆಯಿಂದ ತಂದದ್ದರಲ್ಲಿ ಒಂದು ಸೇರಿಸಲೇ ಎಂದು ಕೇಳಿದರು. ಸೋದರತ್ತೆ ಬೇಡ ಎಂದರು. "ಆ ಒಂದು ಎಲೆ ಕೊಡಬೇಕಾದೋರಿಗೆ ಕೊಟ್ಟಾಗಿದೆ. ಲೆಕ್ಕ ಸರಿಯಾಗೇ ಇದೆ."

ನಾನು ಆ ಸುತ್ತಾಟವನ್ನೇ ನಿಲ್ಲಿಸಬೇಕೆಂದಿದ್ದೆ. ಬೇಡ ಎಂದವರು ದೋಣಿಯಣ್ಣ. ನಿಲ್ಲಿಸದೆ ತಿರುವಿಹಾಕಿದೆವು. ಬೆಳಗ್ಗೆ, ಗಾಳಿ ಏಳುವ ಮುಂಚೆ, ಜೌಗು. ಮಧ್ಯಾಹ್ನದ ಮೇಲೆ ತೋಟ. ಕೈಯಲ್ಲಿ ಎಲೆ ಹಿಡಿದು ಯಾರೂ ನೀರಿನ ಬಳಿ ಹೋಗುವ ಹಾಗೆಯೇ ಇರಲಿಲ್ಲ. ದೋಣಿ ಬಿಚ್ಚುವುದೋ ಬೇಡವೋ ಎಂಬುದು ಅಂದಿನಿಂದ ಅವರೊಬ್ಬರ ಮಾತು. ನಾನು ಮತ್ತೆ ಬಾಯಿ ಹಾಕಲಿಲ್ಲ. ಎಷ್ಟೋ ದಿನ ಅವರು ನೀರು ನೋಡಿ ತಲೆಯಾಡಿಸಿದರು, ನಾವು ದಡದಲ್ಲೇ ಕೂತು ಹಕ್ಕಿ ನೋಡಿ ವಾಪಸಾದೆವು. ಹೀಗೆ ಇನ್ನೂ ಏಳು ವರ್ಷ ನಡೆಯಿತು. ಆಮೇಲೆ ತೋಟದ ಒಂದು ಭಾಗಕ್ಕೆ ಸೈಟುಗಳ ಕಲ್ಲು ಬಿತ್ತು, ನಾನೂ ಬೇರೆ ಕೆಲಸಕ್ಕೆ ಹೋದೆ.

ಇದನ್ನು ಕಣ್ಣಾರೆ ಕಂಡವರು ನನ್ನನ್ನು ಬಿಟ್ಟು ಐವರು. ಗಂಡಿನ ತಂದೆ ಮೂರು ವರ್ಷದ ಹಿಂದೆ ತೀರಿಕೊಂಡರು. ಉಳಿದ ನಾಲ್ವರು ಇದ್ದಾರೆ. ಡ್ರೈವರ್ ಕುಂಬಾರಕೊಪ್ಪಲಿನಲ್ಲಿ, ಈಗ ಮನೆಯಲ್ಲೇ. ತಾವು ಕಂಡದ್ದು ನೀರು ಚಿಮ್ಮಿದ್ದು ಮಾತ್ರ ಎಂದು ಈಗಲೂ ಅಷ್ಟೇ ಹೇಳುತ್ತಾರೆ. ಸೋದರತ್ತೆ ತುಮಕೂರಿನಲ್ಲಿ, ಮೊಸಳೆ ಆಳುದ್ದ ಹಾರಿತು ಎನ್ನುವವರು ಅವರೇ. ಆ ತಾಯಿ ಕುವೆಂಪುನಗರದ ಅದೇ ಮನೆಯಲ್ಲಿ. ವರ್ಷಕ್ಕೊಮ್ಮೆ ಮಗಳು, ಅಳಿಯ, ಮೊಮ್ಮಗಳನ್ನು ಕರೆದುಕೊಂಡು ನದಿ ದಡದ ಆ ಹಳ್ಳಿಗೆ ಹೋಗಿ, ಒಂದು ಚಿಗುರೆಲೆಯನ್ನು ಸೆರಗಿನಿಂದ ಒರೆಸಿ ಬಲಗೈಯಲ್ಲಿ ಕೊಟ್ಟು ಬರುತ್ತಾರೆ. ಅದನ್ನು ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿ, ಜೇಬಿಗೆ ಇಟ್ಟುಕೊಳ್ಳುವ ನಾಲ್ಕನೆಯವರು ದೋಣಿಯಣ್ಣ. ಅವರು ಇವತ್ತಿಗೂ ಎಲೆ ಹಾಕುವುದಿಲ್ಲ.